ನಮ್ಮ ಮಾತಿಗೆ ಬೀಗ ಬಿದ್ದ ವರ್ಷ

ಕಳೆದ ವಾರ ಚಾಮರಾಜಪುರಂನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅತ್ತೆಯವರ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಲು ನಿಂತಿದ್ದೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಸಿಕ್ಕಿಕೊಂಡ ಕಾರ್ಡು ಯಂತ್ರದ ಆ ಬದಿಯಿಂದ ಬಿಸಿಬಿಸಿಯಾಗಿ ಹೊರಬರುವಾಗ ಒಂದು ವಾಸನೆ ಬರುತ್ತದಲ್ಲ, ಬೆಂದ ಅಂಟಿನ, ಸ್ವಲ್ಪ ಸೀದಂಥ ವಾಸನೆ, ಅದು ಮೂಗಿಗೆ ಬಡಿದದ್ದೇ ತಡ, ಆ ಮಳೆಗಾಲವಿಡೀ ಕಣ್ಣ ಮುಂದೆ ಬಂದು ನಿಂತಿತು. "ಯಾಕ್ ಮೇಡಂ, ನಗ್ತಾ ಇದೀರಾ?" ಎಂದು ಅಂಗಡಿಯಾಕೆ ಕೇಳಿದಳು. ನಗುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಗೆದ್ದೆವೋ ಸೋತೆವೋ ಎಂದು ಇವತ್ತಿಗೂ ಸರಿಯಾಗಿ ಹೇಳಲಾಗದ, ಆದರೆ ಆಡಿದ್ದಕ್ಕೆ ಒಂದಿಷ್ಟೂ ಬೇಸರವಿಲ್ಲದ ಒಂದು ಜಗಳ ನೆನಪಾದಾಗ ಬರುವ ನಗು ಅದು.

ನಾನು ಮೈಸೂರಿನ ಅಂಚಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಪಾಠ ಮಾಡುತ್ತೇನೆ. ಅದರ ಹೆಸರು ಇಲ್ಲಿ ಬೇಡ. ಇಷ್ಟೆಲ್ಲ ಆದಮೇಲೂ ಅಲ್ಲೇ ಇದ್ದೇನೆ; ಅದೂ ಒಂದು ಹಠವೇ.

ಇದೆಲ್ಲ ಶುರುವಾದದ್ದು ನನ್ನ ಗೆಳತಿ ರೀಟಾಳಿಂದ. ಡಿಗ್ರಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು ನಾವು. ಅವಳು ಆಮೇಲೆ ವಾಕ್ ಚಿಕಿತ್ಸೆ ಓದಿದಳು. ಸ್ಟ್ರೋಕ್ ಹೊಡೆದು ಮಾತು ಕಳೆದುಕೊಂಡವರಿಗಾಗಿ ಪ್ರತಿ ಶನಿವಾರ ತಾನು ಹೋಗುವ ಚರ್ಚಿನ ಹಿಂದಿನ ಹಾಲಿನಲ್ಲಿ ಉಚಿತವಾಗಿ ಕ್ಲಿನಿಕ್ ನಡೆಸುತ್ತಿದ್ದಳು. ಒಂದು ಸಲ ಬಂದು ನೋಡು ಎಂದು ಕರೆದಳು. ಹೋದೆ. ಹೋದವಳು ಹೊರಗೆ ಬರಲೇ ಇಲ್ಲ ಅನ್ನಬೇಕು.

ಮಾತು ಹೋಗುವುದೆಂದರೆ ಎಲ್ಲವೂ ಹೋಗುವುದಲ್ಲ ಎಂದು ನನಗೆ ತಿಳಿದದ್ದು ಅಲ್ಲಿ. ಸಿದ್ದರಾಜು ಅಂತ ಒಬ್ಬರು ಬರುತ್ತಿದ್ದರು. ಸಿಟಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ನೀರು ಬೇಕೆಂದು ಕೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ, ಹೆಂಡತಿ ಜಯಮ್ಮನ ಹೆಸರು ಬರುತ್ತಿರಲಿಲ್ಲ. ಆದರೆ ಜೀವಮಾನವಿಡೀ ಬಸ್ಸಿನಲ್ಲಿ ಕೂಗಿದ ಮಾತುಗಳು ಹಾಗೆಯೇ ಉಳಿದಿದ್ದವು. "ಮುಂದಕ್ಕೋಗ್ರೀ, ಇಳೀರಿ ಇಳೀರಿ" ಎಂದು ಒಂದು ತಡವರಿಕೆಯೂ ಇಲ್ಲದೆ ಹೇಳುತ್ತಿದ್ದರು. ಹೌದು ಅನ್ನುವುದಕ್ಕೆ "ರೈಟ್". ಬೇಡ ಅನ್ನುವುದಕ್ಕೆ "ಹೋಲ್ಡಾನ್". ಕುವೆಂಪುನಗರದ ಲಲಿತಮ್ಮ ಪ್ರೈಮರಿ ಶಾಲೆಯ ಹೆಡ್‌ಮಿಸ್ಸಾಗಿದ್ದವರು. ಅವರ ಬಾಯಲ್ಲಿ ಉಳಿದದ್ದು "ಕೈ ಕಟ್, ಬಾಯ್ ಮುಚ್" ಅಷ್ಟೇ. ಪ್ರೀತಿ ಬಂದಾಗಲೂ ಅದೇ, ಸಿಟ್ಟು ಬಂದಾಗಲೂ ಅದೇ. ಮಗಳು ಊಟ ತಿನ್ನಿಸಿದರೆ ಕೆನ್ನೆ ಸವರಿ "ಬಾಯ್ ಮುಚ್" ಎನ್ನುತ್ತಿದ್ದರು. ಮಗಳು ಹೊರಗೆ ಹೋಗಿ ಅತ್ತು ಬರುತ್ತಿದ್ದಳು.

ರೀಟಾಳ ಬಳಿ ಎಲ್ಲಿಂದಲೋ ತರಿಸಿದ ಚಿತ್ರದ ಕಾರ್ಡುಗಳಿದ್ದವು. ಅವುಗಳ ಜೊತೆ ಬಂದಿದ್ದ ಧ್ವನಿಮುದ್ರಣ "ದಯವಿಟ್ಟು ನೀರನ್ನು ಕೊಡಿ" ಎಂದು ವಾರ್ತೆ ಓದಿದಂತೆ ಹೇಳುತ್ತಿತ್ತು. ಸಿದ್ದರಾಜು ಅದನ್ನು ಕೇಳಿ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಅವರ ಮನೆಯಲ್ಲಿ ಯಾರೂ ಯಾವತ್ತೂ ಹಾಗೆ ನೀರು ಕೇಳಿರಲಿಲ್ಲ. ಒಂದು ದಿನ ನಾನು ಜಯಮ್ಮನ ಹತ್ತಿರ, "ನೀವು ಮನೇಲಿ ಹೇಗೆ ಕೇಳ್ತೀರೋ ಹಾಗೇ ಹೇಳಿ" ಎಂದೆ. ಆಕೆ ನಾಚಿಕೊಂಡು, "ವಸಿ ನೀರ್ ಕೊಡಮ್ಮಿ ಅಂತಿದ್ರು ಕಣ್ರೀ ಇವ್ರು" ಎಂದರು. ಸಿದ್ದರಾಜು ಅವರ ತುಟಿ ಅಲುಗಿತು. ಮಾತು ಬರಲಿಲ್ಲ, ತುಟಿ ಅಲುಗಿತು ಅಷ್ಟೇ. ಆದರೆ ರೀಟಾ ನನ್ನ ಮೊಣಕೈ ಎಷ್ಟು ಜೋರಾಗಿ ಹಿಡಿದುಕೊಂಡಳೆಂದರೆ ಅಲ್ಲಿ ಗುರುತು ಬಿತ್ತು.

ಹೀಗೆ ಹುಟ್ಟಿದವು ನಮ್ಮ ಮಾತಿನ ಕಾರ್ಡುಗಳು. ಸ್ಟೀಲ್ ಲೋಟ, ಗ್ಯಾಸ್ ಲೈಟರ್, ತಲೆದಿಂಬು, ಬಸ್ಸು, ಬೆಟ್ಟ, ಎಲ್ಲದರ ಫೋಟೋ. ಕಾರ್ಡಿನ ಮೂಲೆಯ ಗುರುತಿಗೆ ಫೋನ್ ಹಿಡಿದರೆ ಸಾಕು, ಮೈಸೂರಿನ ಯಾರದೋ ಮನೆಯ ದನಿ ಆ ಮಾತನ್ನು ಆಡುತ್ತಿತ್ತು. ದನಿ ಕೊಟ್ಟವರೆಲ್ಲ ನಮ್ಮ ಸುತ್ತಮುತ್ತಲಿನವರೇ. ಅವರಲ್ಲಿ ಮುಖ್ಯ ಮಾದೇವಮ್ಮ. ಚಾಮರಾಜಪುರಂನಲ್ಲಿ ಸಂಜೆ ಹೂ ಮಾರುತ್ತಾಳೆ. ಅವಳ ಗಂಡ ಇದೇ ಹಾಲಿಗೆ ಬರುತ್ತಿದ್ದವನು, ಒಂದು ಮಾತೂ ಮರಳಿ ಬಾರದೆ ತೀರಿಕೊಂಡ. ಮೈಕಿನ ಮುಂದೆ ಕೂರಿಸಿದಾಗ ಅವಳು ಒಂದೇ ಷರತ್ತು ಹಾಕಿದಳು. "ಕಾಯ್ಲೆಯೋರ್ಗೆ ಅಂತ ಕೊಡ್ತಾ ಇವ್ನಿ ಕಣಮ್ಮ. ಮಾರಬ್ಯಾಡಿ. ನಮ್ಮನೆಯೋರಂತೂ ಮಾತಾಡ್ದೇ ಓಗ್ಬುಟ್ರು, ಬೇರೆಯೋರಾದ್ರೂ ಮಾತಾಡ್ಲಿ." ಆಯ್ತು ಎಂದು ಮಾತು ಕೊಟ್ಟೆವು, ಅವಳಿಗೂ, ದನಿ ಕೊಟ್ಟ ಪ್ರತಿಯೊಬ್ಬರಿಗೂ.

ಮೈಕು ವಿಶ್ವವಿದ್ಯಾಲಯದ್ದು ಎನ್ನುವುದು ನಿಜ. ದನಿಗಳನ್ನು ಇಟ್ಟಿದ್ದ ಕಂಪ್ಯೂಟರ್ ಜಾಗವೂ ಅಲ್ಲಿಯದೇ. ಅದರಲ್ಲಿ ತಪ್ಪೇನೂ ಇರಲಿಲ್ಲ, ಏಕೆಂದರೆ ಆಗ ಇದ್ದ ನೀತಿ ಎರಡೇ ಪುಟದ್ದು. ಅಧ್ಯಾಪಕರು ಪಾಠಕ್ಕೆಂದು, ಸಮಾಜದ ಕೆಲಸಕ್ಕೆಂದು ತಯಾರಿಸಿದ್ದು ಅವರದ್ದೇ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಮಳೆ ಹಿಡಿಯುತ್ತಿದ್ದ ದಿನಗಳಲ್ಲಿ ಹೊಸ ಬೌದ್ಧಿಕ ಆಸ್ತಿ ನೀತಿ ಎಲ್ಲರ ಮೇಲ್‌ಗೆ ಬಂತು. ಈ ಸಲ ಅದೊಂದು ಪುಸ್ತಕ. ವಿಶ್ವವಿದ್ಯಾಲಯದ ಸಮಯ, ಸ್ಥಳ, ಸಲಕರಣೆ ಬಳಸಿ ಹುಟ್ಟಿದ್ದೆಲ್ಲ ವಿಶ್ವವಿದ್ಯಾಲಯದ ಸ್ವತ್ತು. ಈಗಾಗಲೇ ಹುಟ್ಟಿರುವುದಕ್ಕೂ ಇದು ಅನ್ವಯಿಸುತ್ತದೆ. ಅನುಮತಿಯಿಲ್ಲದೆ ಹೊರಗೆ ಹಂಚುವಂತಿಲ್ಲ. ಸ್ಟಾಫ್ ರೂಮಿನಲ್ಲಿ ನಗೆಯೋ ನಗೆ. "ಇನ್ಮೇಲೆ ಇಲ್ಲಿ ಕೂತು ತೂಕಡಿಸಬೇಡಿ, ಕನಸು ಬಿದ್ರೆ ಅದೂ ಅವರ್ದೇ" ಎಂದು ಇತಿಹಾಸದ ಮೇಷ್ಟ್ರು ಹೇಳಿದರು. ನಾನೂ ನಕ್ಕೆ. ಮಾರನೇ ದಿನ, ಈ ನೀತಿ ನೋಡಿಕೊಳ್ಳಲೆಂದೇ ತೆರೆದ ಹೊಸ ವಿಭಾಗದ ನಿರ್ದೇಶಕರು ಕರೆಸಿದರು.

ಅವರು ಕೆಟ್ಟವರಲ್ಲ. ಕಾಫಿ ತರಿಸಿದರು, ಕಾರ್ಡುಗಳನ್ನು ಮನಸಾರೆ ಹೊಗಳಿದರು. ಒಂದು ಕಂಪನಿಗೆ ಇವು ಬಹಳ ಹಿಡಿಸಿವೆಯಂತೆ. ಆಪ್ ಮಾಡುತ್ತಾರಂತೆ, ಆಸ್ಪತ್ರೆಗಳು ಚಂದಾ ಕಟ್ಟಿ ಬಳಸುತ್ತವಂತೆ. ಪೂರ್ತಿ ಹಕ್ಕು ತಮಗೆ ಮಾತ್ರ ಬೇಕು ಅನ್ನುವುದು ಕಂಪನಿಯ ಷರತ್ತು.

"ಅದ್ಕೇ ವಸುಧಾ ಮೇಡಂ, ಸದ್ಯಕ್ಕೆ ಹೊರಗೆ ಕೊಡೋದು ನಿಲ್ಲಿಸ್ಬಿಡಿ. ನಿಮಗೂ ಪಾಲಿದೆ. ಹೆಸರೂ ಬರುತ್ತೆ."

"ಆಗಲ್ಲ ಸರ್. ನಾವು ಮಾತು ಕೊಟ್ಟಿದೀವಿ."

"ಯಾರಿಗೆ?"

"ಹೂ ಮಾರೋ ಮಾದೇವಮ್ಮನಿಗೆ."

ಅವರು ನಕ್ಕರು. ವ್ಯಂಗ್ಯದ ನಗುವಲ್ಲ, ನಿಜವಾಗಿಯೂ ತಮಾಷೆ ಅನ್ನಿಸಿತ್ತು ಅವರಿಗೆ. "ಮೇಡಂ, ಯೂನಿವರ್ಸಿಟಿ ನಡೀಬೇಕಲ್ವಾ? ನೀತಿ ಅಂತ ಒಂದು ಬಂದ್ಮೇಲೆ ನಾನೂ ಏನೂ ಮಾಡಕ್ಕಾಗಲ್ಲ, ನೀವೂ ಏನೂ ಮಾಡಕ್ಕಾಗಲ್ಲ."

"ಹೋದ ತಿಂಗಳು ಬೇರೆ ನೀತಿ ಇತ್ತಲ್ಲ ಸರ್. ಅದನ್ನ ನೀವೇ ತಾನೆ ಬದಲಾಯಿಸಿದ್ದು? ಇನ್ನೊಂದು ಸಲ ಬದಲಾಯಿಸಿ."

ಕಾಫಿ ಅರ್ಧ ಉಳಿಸಿ ಎದ್ದು ಬಂದೆ. ಮೆಟ್ಟಿಲಿಳಿಯುವಾಗ ನೆನಪಾಯಿತು, ಆ ವರ್ಷ ನನ್ನ ಬಡ್ತಿಯ ವರ್ಷ.

ಮುಂದಿನ ಶನಿವಾರ ಹಾಲಿಗೆ ಹೋದಾಗ ಎಂದಿನ ಗದ್ದಲವಿರಲಿಲ್ಲ. ಸಿದ್ದರಾಜು ಲೋಟದ ಕಾರ್ಡು ಹಿಡಿದು ಕೂತಿದ್ದರು. ಜಯಮ್ಮ ಫೋನನ್ನು ಹತ್ತಿರ ಒಯ್ಯುತ್ತಾರೆ, ದೂರ ಹಿಡಿಯುತ್ತಾರೆ, ಸೆರಗಿನಿಂದ ಒರೆಸುತ್ತಾರೆ. ದನಿಯಿಲ್ಲ. ದಿಂಬಿನ ಕಾರ್ಡಿಗೂ ಇಲ್ಲ, ಬಸ್ಸಿಗೂ ಇಲ್ಲ. ರೀಟಾ ನನ್ನ ಮುಖ ನೋಡಿದಳು. ನನಗೆ ಅರ್ಥವಾಗಿತ್ತು. ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿದ್ದ ದನಿಗಳಿಗೆಲ್ಲ ಬೀಗ ಹಾಕಿಬಿಟ್ಟಿದ್ದರು. ಆ ಹೊತ್ತಿಗೆ ಸಿದ್ದರಾಜು "ನೀರ್" ಎನ್ನುವಷ್ಟು ಮುಂದೆ ಬಂದಿದ್ದರು, ಆದರೆ ಅದಕ್ಕೆ ಮೊದಲು ಒಂದು ಸಲ ಆ ದನಿ ಕೇಳಬೇಕಿತ್ತು, ನಡೆಯಲು ಕಲಿಯುವ ಮಗುವಿಗೆ ಒಂದು ಬೆರಳು ಬೇಕಲ್ಲ, ಹಾಗೆ. ಅವತ್ತು ಅವರು ಎಷ್ಟು ಹೊತ್ತು ಬಾಯಿ ತೆರೆದರೂ ಏನೂ ಹೊರಡಲಿಲ್ಲ. ಕೊನೆಗೆ ಕಾರ್ಡನ್ನು ಮೇಜಿನ ಮೇಲೆ ಕವುಚಿ ಹಾಕಿ "ಹೋಲ್ಡಾನ್" ಎಂದರು.

ಸಂಜೆ ಮಾದೇವಮ್ಮನಿಗೆ ವಿಷಯ ಹೇಳಲು ಹೋದೆ. ಕಟ್ಟುತ್ತಿದ್ದ ಮಾಲೆ ಕೈಯಲ್ಲೇ ನಿಂತಿತು.

"ನನ್ ದನೀನ ಕಿತ್ಕಂಡ್ ಮಡೀಕಂಡವ್ರಾ? ಎಂಗಮ್ಮ ಅದು? ಗಂಟ್ಲು ಇಲ್ಲೇ ಅದಲ್ಲ ನಂತಾವ!"

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಿಜ, ಗಂಟಲು ಇಲ್ಲೇ ಇದೆ. ರೀಟಾ ವಿಶ್ವವಿದ್ಯಾಲಯದ ನೌಕರಳಲ್ಲ. ಅವಳ ಫೋನು ಅವಳದ್ದು, ಹಾಲ್ ಚರ್ಚಿನದ್ದು. ಮೊದಲಿಂದ ಮತ್ತೆ ಮಾಡೋಣ ಎಂದು ಅವತ್ತೇ ತೀರ್ಮಾನಿಸಿದೆವು. ಕಾಲೇಜಿನ ಒಂದು ಪೆನ್ನನ್ನೂ ಮುಟ್ಟದೆ, ಕೆಲಸದ ಹೊತ್ತಿನಲ್ಲಿ ಒಂದು ಗಳಿಗೆಯನ್ನೂ ತೆಗೆಯದೆ.

ಆ ಮಳೆಗಾಲ ನಾವು ಮಾಡಿದ್ದು ಇದೇ. ಹಾಲಿಗೆ ತಗಡಿನ ಮಾಡು. ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳಿಸದು. ಮಳೆ ಹಿಡಿದಾಗ ಎಲ್ಲರೂ ತುಟಿ ಬಿಗಿದು ಕೂರುವುದು, ಮಳೆ ನಿಂತೊಡನೆ ರೀಟಾ ಕೈ ಎತ್ತುವುದು, ಯಾರಾದರೊಬ್ಬರು ಫೋನಿನ ಮುಂದೆ "ಕಾಪಿ ಆಯ್ತಾ?" "ಬೆನ್ನು ತುರಿಸ್ತದೆ" "ಫ್ಯಾನ್ ಹಾಕ್ರೋ" ಎನ್ನುವುದು. ನಡುವೆ ಆಟೋ ಹಾರ್ನು, ಚರ್ಚಿನ ಗಂಟೆ. ಜಯಮ್ಮ ನಾಚಿಕೆ ಬಿಟ್ಟು ಮನೆಮಾತೆಲ್ಲ ಆಡಿದರು. ಲಲಿತಮ್ಮನ ಮಗಳು ತನ್ನ ತಾಯಿ ಹಿಂದೆ ಹೇಗೆ ಮಾತಾಡುತ್ತಿದ್ದರೋ ಹಾಗೇ ಅನುಕರಿಸಿ ಮಾಡಿದಳು, ಮಾಡುತ್ತಾ ಅತ್ತಳು, ಕಣ್ಣೊರೆಸಿಕೊಂಡು ಮತ್ತೆ ಮಾಡಿದಳು. ಮಾದೇವಮ್ಮ ಹೂವಿನ ಬುಟ್ಟಿ ಬಾಗಿಲಲ್ಲಿಟ್ಟು ಬಂದು, ಹೋದ ಸಲ ಹೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ಕೆಲವು ದನಿಗಳ ಹಿಂದೆ ಇವತ್ತಿಗೂ ಮಳೆ ಕೇಳಿಸುತ್ತದೆ. ತೆಗೆಯಲು ಹೋಗಲಿಲ್ಲ ನಾವು.

ಫೋಟೋಗಳನ್ನೂ ಹೊಸದಾಗಿ ತೆಗೆದೆ, ನಮ್ಮ ಮನೆಯ ಲೋಟ, ನಮ್ಮ ಮನೆಯ ದಿಂಬು. ಇದೇ ಚಾಮರಾಜಪುರಂ ಅಂಗಡಿಯಲ್ಲಿ ಸಂಜೆ ಹೊತ್ತು ಲ್ಯಾಮಿನೇಷನ್. ತಲೆಗೂದಲಿಗೆಲ್ಲ ಆ ವಾಸನೆ ಹತ್ತಿಕೊಂಡಿರುತ್ತಿತ್ತು. ನನ್ನ ಗಂಡ ಮೊದಮೊದಲು ಗೊಣಗಿದರು. "ಪ್ರಮೋಷನ್ ವರ್ಷ ಕಣೇ ಇದು. ಒಂದ್ ವರ್ಷ ಸುಮ್ನಿದ್ದು ಆಮೇಲೆ ಮಾಡಬಾರದಾ?" ಎಂದರು. "ಸಿದ್ದರಾಜು ಅವರಿಗೆ ಹೋಗಿ ನೀವೇ ಹೇಳಿ, ಒಂದ್ ವರ್ಷ ನೀರು ಕೇಳಬೇಡಿ ಅಂತ" ಎಂದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವರು ಟಿವಿ ಮುಂದೆ ಕೂತು ಕಾರ್ಡುಗಳ ಚೂಪು ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡುತ್ತಿದ್ದರು, ಕಾಯಿಲೆಯವರ ಕೈಗೆ ಚುಚ್ಚಬಾರದೆಂದು.

ಸುದ್ದಿ ನಿಲ್ಲುತ್ತದೆಯೇ? ನೋಟಿಸ್ ಬಂತು. ವಿಶ್ವವಿದ್ಯಾಲಯದ ಸ್ವತ್ತನ್ನು ಹೊರಗೆ ಹಂಚಿದ್ದೀರಿ, ನಿಮ್ಮ ಮೇಲೆ ಯಾಕೆ ಕ್ರಮ ತೆಗೆದುಕೊಳ್ಳಬಾರದು ಎಂದು. ದನಿ ಹೊಸದಾದರೇನು, ಆಲೋಚನೆ ಹಳೆಯದೇ ಎಂಬುದು ಅವರ ವಾದ. ಆ ಆಲೋಚನೆಯೂ ಈಗ ಅವರದಾಗಿತ್ತು. ಸಮಿತಿಯ ಮುಂದೆ ಬಂದು ಉತ್ತರ ಕೊಡಬೇಕೆಂದು ಕರೆದರು. ಸ್ಟಾಫ್ ರೂಮಿನಲ್ಲಿ ನಗುತ್ತಿದ್ದವರು ಈಗ ನನ್ನ ಪಕ್ಕದ ಕುರ್ಚಿ ಬಿಟ್ಟು ಕೂರುತ್ತಿದ್ದರು. ಇತಿಹಾಸದ ಮೇಷ್ಟ್ರೊಬ್ಬರು ಮಾತ್ರ ಎಲ್ಲರೆದುರು ಬಂದು, "ತಪ್ಪಾಯ್ತು ಅಂತ ಬರ್ಕೊಟ್ಬುಡ್ಬೇಡಿ" ಎಂದು ಹೇಳಿ ಹೋದರು.

ನಾನು ಒಬ್ಬಳೇ ಹೋದದ್ದು. ಸಮಿತಿಯಲ್ಲಿ ನಿರ್ದೇಶಕರು, ಡೀನ್, ಹೊರಗಿನಿಂದ ಬಂದ ಒಬ್ಬ ವಕೀಲೆ. ಮಾತು ಶುರುವಾಗಿತ್ತಷ್ಟೆ, ಹೊರಗೆ ಗಲಾಟೆ ಕೇಳಿಸಿತು. ಬಾಗಿಲು ತೆರೆದುಕೊಂಡಿತು. ಮುಂದೆ ರೀಟಾ, ಅವಳ ಹಿಂದೆ ಕೋಲೂರಿಕೊಂಡು ಸಿದ್ದರಾಜು, ಜಯಮ್ಮ, ಗಾಲಿ ಕುರ್ಚಿಯಲ್ಲಿ ಲಲಿತಮ್ಮ, ಅದನ್ನು ತಳ್ಳುತ್ತಾ ಮಗಳು, ಕೊನೆಗೆ ಮಾದೇವಮ್ಮ. ಆಟೋ ಮಾಡಿಕೊಂಡು ಬಂದಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ. ಗೇಟಿನ ಸೆಕ್ಯುರಿಟಿಯವನು ತಡೆದಾಗ ಸಿದ್ದರಾಜು ಅಧಿಕಾರದ ದನಿಯಲ್ಲಿ "ಮುಂದಕ್ಕೋಗ್ರೀ, ಮುಂದಕ್ಕೋಗ್ರೀ" ಎಂದು ಎಲ್ಲರನ್ನೂ ಒಳಗೆ ದಾಟಿಸಿದರಂತೆ.

"ಯಾರು ಇವರೆಲ್ಲ?" ಎಂದರು ಡೀನ್.

"ವಸುಧಾ ಹೊರಗೆ ಹಂಚಿದ್ದು ಇವರಿಗೇ ಸರ್. ನೀವು ಕೇಳ್ಬೋದು ಇವರನ್ನ" ಎಂದಳು ರೀಟಾ.

ನಿರ್ದೇಶಕರು ಎದ್ದು ನಿಂತು, ಇದು ಆಂತರಿಕ ವಿಚಾರಣೆ, ಹೊರಗಿನವರು ಬರುವಂತಿಲ್ಲ, ನೀತಿಯ ಪ್ರಕಾರ ಎಂದು ಶುರುಮಾಡಿದರು. ಅವರ ವಾಕ್ಯ ಮುಗಿಯಲಿಲ್ಲ. ಗಾಲಿ ಕುರ್ಚಿಯಿಂದ ಶಾಲೆಯ ಬೆಲ್ಲಿನಂತೆ ಒಂದು ದನಿ ಹೊರಟಿತು: "ಕೈ ಕಟ್! ಬಾಯ್ ಮುಚ್!"

ದೇವರಾಣೆ ಹೇಳುತ್ತೇನೆ, ಡೀನ್ ಕೈ ಕಟ್ಟಿಕೊಂಡರು. ಒಂದು ಕ್ಷಣ ಅಷ್ಟೇ, ಮರುಕ್ಷಣ ನಾಚಿಕೊಂಡು ಬಿಟ್ಟರು. ವಕೀಲೆ ಫೈಲಿನ ಹಿಂದೆ ಮುಖ ಮರೆಮಾಡಿಕೊಂಡರು. ನಿರ್ದೇಶಕರು ನಿಜವಾಗಿಯೂ ಕೂತುಬಿಟ್ಟರು.

ಆಗ ಸಿದ್ದರಾಜು ಮೇಜಿನ ಹತ್ತಿರ ಬಂದರು. ಕೋಲನ್ನು ಜಯಮ್ಮನ ಕೈಗೆ ಕೊಟ್ಟು ಮೇಜು ಹಿಡಿದು ನಿಂತರು. ಬಾಯಿ ತೆರೆದರು. ಏನೂ ಬರಲಿಲ್ಲ. ಕತ್ತಿನ ನರ ಉಬ್ಬಿತು. "ಏನ್ ಹೇಳಬೇಕಂತೆ ಇವರಿಗೆ?" ಎಂದು ನಿರ್ದೇಶಕರು ನನ್ನನ್ನು ಕೇಳಿದರು.

"ಅವರೇ ಹೇಳ್ತಾರೆ ಸರ್. ಕಾಯಬೇಕು. ಶನಿವಾರ ಶನಿವಾರ ನಾವು ಮಾಡೋದು ಅದನ್ನೇ."

ಕಾದರು. ಆ ಕೋಣೆಯಲ್ಲಿ ಅಷ್ಟು ದೊಡ್ಡ ಮನುಷ್ಯರು ಯಾರಿಗಾಗಿಯೂ ಅಷ್ಟು ಹೊತ್ತು ಕಾದಿರಲಿಕ್ಕಿಲ್ಲ. ಜಯಮ್ಮನ ತುಟಿ ಗಂಡನ ತುಟಿಯ ಜೊತೆ ಅಲುಗುತ್ತಿತ್ತು, ಆದರೆ ಆಕೆ ದನಿ ಕೊಡಲಿಲ್ಲ. ಕೊಟ್ಟರೆ ಅದು ಅವರ ಮಾತಾಗುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

"ಮಾತು..." ಎಂದರು ಸಿದ್ದರಾಜು. ಉಸಿರು ಎಳೆದುಕೊಂಡರು. "ಮಾತು... ನಂದು." ಮತ್ತೆ ನಿಂತರು. ಬೆವರು ಇಳಿಯುತ್ತಿತ್ತು. ಬಲಗೈ ಸ್ಟ್ರೋಕಿನಲ್ಲೇ ಬಿದ್ದುಹೋಗಿತ್ತು, ಎಡಗೈಯನ್ನು ನಿರ್ದೇಶಕರ ಮುಂದೆ ಚಾಚಿ, "ಕೊಡ್ರೀ" ಎಂದರು.

ಬೇಡುವ ದನಿಯಾಗಿರಲಿಲ್ಲ ಅದು. ಟಿಕೆಟ್ ತೆಗೆದುಕೊಳ್ಳದವನ ಎದುರು ನಿಂತ ಕಂಡಕ್ಟರನ ದನಿ.

ಮಾದೇವಮ್ಮ ಕಾಯಲಿಲ್ಲ. "ನೋಡಿ ಸ್ವಾಮಿ, ನಾನು ಕೊಟ್ಟಿದ್ದು ಇಂತೋರ್ಗೆ. ನಿಮ್ಗೂ ಕೊಡ್ನಿಲ್ಲ, ನಿಮ್ ಕಂಪ್ನಿಯೋರ್ಗೂ ಕೊಡ್ನಿಲ್ಲ. ನನ್ ದನಿ ಮಾರಕ್ಕೆ ನಾನೇನಾರ ಒಪ್ಕಂಡಿವ್ನಾ, ಕೇಳಿ ಮೊದ್ಲು."

ವಕೀಲೆ ತಲೆ ಎತ್ತಿದರು. "ಇವರು ಒಪ್ಪಿದ್ದು ರೋಗಿಗಳಿಗೆ ಉಚಿತವಾಗಿ ಕೊಡೋಕೆ ಮಾತ್ರನಾ?" ಎಂದು ನನ್ನನ್ನು ಕೇಳಿದರು. ಹೌದು ಎಂದೆ. "ದನಿ ಕೊಟ್ಟವರೆಲ್ಲರಿಗೂ ಇದನ್ನೇ ಹೇಳಿದ್ರಾ?" ಹೌದು. ಅವರು ನಿರ್ದೇಶಕರ ಕಡೆ ತಿರುಗಿ, "ಸರ್, ಕೊಟ್ಟವರೇ ಒಪ್ಪದಿದ್ರೆ ಯಾವ ಕಂಪನಿನೂ ಇದನ್ನ ಮುಟ್ಟಲ್ಲ. ನಾನಾಗಿದ್ರೆ ಮುಟ್ಟೋಕೆ ಬಿಡ್ತಿರಲಿಲ್ಲ" ಎಂದರು.

ಹೊರಗೆ ಬಂದು ಸಿದ್ದರಾಜು ಸಿಕ್ಕಿದ ಮೊದಲ ಕುರ್ಚಿಯಲ್ಲಿ ಕೂತರು. ಜಯಮ್ಮ ಗಂಡನ ಮುಖ ಒರೆಸುತ್ತಾ, "ಅಬ್ಬಬ್ಬಾ, ಎಷ್ಟ್ ಮಾತಾಡ್ಬುಟ್ರಿ!" ಎಂದರು. ಆ ಮೂರು ಪದಗಳನ್ನು ಆಕೆ ಇವತ್ತಿಗೂ ಭಾಷಣ ಅನ್ನುತ್ತಾರೆ.

ಕಂಪನಿ ಹಿಂದೆ ಸರಿಯಿತು. ಆದರೆ ಸಮಿತಿ ನನ್ನನ್ನು ಸುಮ್ಮನೆ ಬಿಡಲಿಲ್ಲ. ಎಚ್ಚರಿಕೆಯ ಪತ್ರ ನನ್ನ ಕಡತಕ್ಕೆ ಸೇರಿತು, ಬಡ್ತಿ ನಿಂತಿತು. ನನಗಿಂತ ಆಮೇಲೆ ಬಂದವರು ಮೇಲೆ ಹೋದರು. ಹಳೆಯ ದನಿಗಳನ್ನು ಕೊನೆಗೂ ಹಿಂದಿರುಗಿಸಲಿಲ್ಲ. ಅವು ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಬೀಗದೊಳಗೆ ಯಾರೂ ಕೇಳದೆ ಬಿದ್ದಿವೆ.

ಮರುವರ್ಷ ನೀತಿ ಮತ್ತೆ ಬದಲಾಯಿತು. ಪಾಠದ ಸಾಮಗ್ರಿ, ಚಿಕಿತ್ಸೆಯ ಸಾಮಗ್ರಿ ಮಾಡಿದವರದ್ದೇ, ಉಚಿತವಾಗಿ ಹಂಚಬಹುದು ಎಂದು ಒಂದು ಸಾಲು ಸೇರಿಕೊಂಡಿತು. ಯಾಕೆ ಸೇರಿತೆಂದು ಯಾರೂ ಹೇಳಲಿಲ್ಲ. ಅದನ್ನು ಘೋಷಿಸಿದ ಸಭೆಯಲ್ಲಿ ನಿರ್ದೇಶಕರು, ನಮ್ಮ ವಿಶ್ವವಿದ್ಯಾಲಯ ಯಾವಾಗಲೂ ಸಮಾಜದ ಪರ ಎಂದರು. ನಾನು ಎದ್ದು, "ಯಾವಾಗಲೂ ಅಲ್ಲ ಸರ್, ಹೋದ ವರ್ಷದಿಂದ" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಸಭೆ ಮುಗಿದಮೇಲೆ ನಿರ್ದೇಶಕರು, ಕಾರ್ಡುಗಳ ಮೇಲೆ ವಿಶ್ವವಿದ್ಯಾಲಯದ ಲಾಂಛನ ಹಾಕಿಸಿಕೊಳ್ಳಿ, ಕಡತದಲ್ಲಿರುವ ಪತ್ರದ ಬಗ್ಗೆ ಯೋಚಿಸೋಣ ಎಂದು ಹೇಳಿ ಕಳಿಸಿದರು. ಕಾರ್ಡಿನ ಹಿಂದೆ ದನಿ ಕೊಟ್ಟವರ ಹೆಸರಿದೆ, ಜಾಗವಿಲ್ಲ ಎಂದು ಹೇಳಿ ಕಳಿಸಿದೆ. ಪತ್ರ ಹಾಗೇ ಇದೆ. ಇರಲಿ. ನನ್ನ ಕೆಲಸದ ಜೀವನದಲ್ಲಿ ಯಾರಾದರೂ ಓದಲೆಂದು ನಾನು ಬಯಸುವ ಕಾಗದ ಅದೊಂದೇ.

ಮೊನ್ನೆ ಶನಿವಾರ ನಂಜನಗೂಡು ಕಡೆಯಿಂದ ಒಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಹೊಲಗೆಲಸದ ಗಟ್ಟಿ ಮೈ ಆಕೆಯದು. ಮಾತು ಪೂರ್ತಿ ಹೋಗಿತ್ತು. ಕೂರಿಸಿದಲ್ಲಿ ಕೂತು ಗೋಡೆ ನೋಡುತ್ತಿದ್ದರು. ಆ ಮನುಷ್ಯ ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ನಮ್ ಕಡೆ ಮಾತು ವಸಿ ಬೇರೆ ತರ ಮೇಡಂ. ನಮ್ ಮಾತಲ್ಲೇ ಇಂತವು ಮಾಡ್ಕಬೋದಾ? ಯಾರ್ತಾವ ಪರ್ಮಿಷನ್ ಕೇಳ್ಬೇಕು?" ಎಂದರು.

ನಾನು ನೀತಿ, ಹೊಸ ಸಾಲು ಎಂದೇನೋ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ರೀಟಾ ತನ್ನ ಫೋನನ್ನು ಅವರ ಮುಖದ ಮುಂದೆ ಹಿಡಿದಾಗಿತ್ತು.

"ಹೇಳಿ. ಮನೆಗೆ ಬಂದ ಕೂಡ್ಲೇ ಇವರನ್ನ ಮೊದಲು ಏನ್ ಕೇಳ್ತಿದ್ರಿ?"

ಅವರು ಅತ್ತ ಇತ್ತ ನೋಡಿದರು. ಅಷ್ಟು ಜನರ ಮುಂದೆ ಸಂಕೋಚ. ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, ಫೋನಿಗಲ್ಲ, ನೆಲಕ್ಕೆ ಹೇಳುವವರಂತೆ ಹೇಳಿದರು.

"ಉಂಡ್ಯಾಮ್ಮಿ?"

ಗೋಡೆ ನೋಡುತ್ತಿದ್ದ ಆಕೆ ತಿರುಗಿದರು. ಗಂಡನ ಮುಖವನ್ನೇ ಒಂದಿಷ್ಟು ಹೊತ್ತು ನೋಡಿ, "ಊಂ" ಎಂದರು.